ಒದ್ದೆ ಮಣ್ಣಿನಲ್ಲಿ ಬಾಡುವ ಗಿಡ

ಬೇಸಿಗೆಯಲ್ಲಿ ಕುಂಡದ ಗಿಡ ಸಾಕುವವರೆಲ್ಲ ಎದುರಿಸಿರುವ ಒಗಟೊಂದಿದೆ. ಬೆಳಿಗ್ಗೆ ನೀರು ಕುಡಿದು ನೆಟ್ಟಗೆ ನಿಂತಿದ್ದ ಟೊಮೆಟೊ ಗಿಡ ಮಧ್ಯಾಹ್ನ ಎರಡರ ಹೊತ್ತಿಗೆ ಎಲೆಗಳನ್ನು ಜೋಲುಬಿಟ್ಟಿರುತ್ತದೆ. ಮಣ್ಣಿಗೆ ಬೆರಳಿಟ್ಟರೆ ತೇವ ಹಾಗೆಯೇ ಇದೆ. ಪಾಪ ಎಂದು ಮನೆಯಲ್ಲಿ ಯಾರೋ ಇನ್ನೊಂದು ಚೊಂಬು ನೀರು ಹಾಕುತ್ತಾರೆ. ಸಂಜೆಗೆ ಎಲೆ ಮತ್ತೆ ನಿಮಿರುತ್ತದೆ, ಹಾಕಿದ ನೀರೇ ಗಿಡವನ್ನು ಉಳಿಸಿತು ಎಂದು ಎಲ್ಲರಿಗೂ ಸಮಾಧಾನವಾಗುತ್ತದೆ. ಕೆಲವು ದಿನ ಹೀಗೇ ನಡೆದ ಮೇಲೆ ಒಂದು ಸಂಜೆ ಎಲೆ ಏಳುವುದೇ ಇಲ್ಲ. ಕೆಳಗಿನ ಎಲೆಗಳು ಹಳದಿಯಾಗುತ್ತವೆ, ಕಾಂಡದ ಬುಡ ಮೆತ್ತಗಾಗುತ್ತದೆ, ಗಿಡ ಹೋಗುತ್ತದೆ. ಎಷ್ಟು ನೀರು ಹಾಕಿದರೂ ಬಿಸಿಲು ತಡೆಯಲಿಲ್ಲ ಎನ್ನುವುದು ಮನೆಯವರ ತೀರ್ಮಾನ. ಆದರೆ ಹೀಗೆ ಸತ್ತ ಗಿಡದ ಬೇರನ್ನು ಬಿಡಿಸಿ ನೋಡಿದರೆ ಸಿಗುವ ಸಾಕ್ಷ್ಯ ಬೇರೆಯೇ. ಆ ಬೇರುಗಳು ಉಸಿರು ಕಟ್ಟಿ ಕೊಳೆತಿರುತ್ತವೆ. ಬಾಡಿದ ಎಲೆಯನ್ನು ಬಾಯಾರಿಕೆಯ ಗುರುತೆಂದು ಓದುವುದರಲ್ಲೇ ತಪ್ಪಿದೆ ಎಂಬುದು ಈ ಅಧ್ಯಾಯದ ವಾದ. ಹಲವರು ಸೇರಿ ಗಿಡ ನೋಡಿಕೊಳ್ಳುವ ಮನೆಯಲ್ಲಿ ಆ ತಪ್ಪು ಇನ್ನೂ ಬೇಗ ಬೆಳೆಯುತ್ತದೆ.

ಎಲೆ ಎಳೆಯುವ ನೀರು

ಗಿಡ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ಮೊದಲು ಅಳೆದು ನೋಡಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಪ್ರಮುಖರು. 1724ರ ಬೇಸಿಗೆಯಲ್ಲಿ ಅವರು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡವನ್ನು ತೆಗೆದುಕೊಂಡು, ಮಣ್ಣಿನ ಮೇಲಿಂದ ನೀರು ಆವಿಯಾಗದಂತೆ ಅದರ ಬಾಯಿಯನ್ನು ತೆಳುವಾದ ಸೀಸದ ತಗಡಿನಿಂದ ಮುಚ್ಚಿ, ಕುಂಡವನ್ನು ಬೆಳಿಗ್ಗೆ ಸಂಜೆ ತೂಗಿದರು. ಬಿಸಿಲು ಜೋರಾಗಿ ಗಾಳಿ ಒಣಗಿದ್ದ ದಿನ, ಹನ್ನೆರಡು ಗಂಟೆಗಳಲ್ಲಿ ಆ ಒಂದೇ ಗಿಡ ಸುಮಾರು 850 ಗ್ರಾಂ ನೀರನ್ನು ಎಲೆಗಳ ಮೂಲಕ ಗಾಳಿಗೆ ಬಿಟ್ಟಿತ್ತು. ಇಬ್ಬನಿ ಬಿದ್ದ ರಾತ್ರಿಗಳಲ್ಲಿ ತೂಕ ಇಳಿಯಲೇ ಇಲ್ಲ. ಈ ಫಲಿತಾಂಶಗಳನ್ನು ಅವರು 1727ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಹೀಗೆ ಹೊರಹೋಗುವ ನೀರನ್ನು ಪಠ್ಯಪುಸ್ತಕಗಳು ಬಾಷ್ಪವಿಸರ್ಜನೆ ಎನ್ನುತ್ತವೆ, ನಾವು ಎಲೆಬೆವರು ಎಂದುಕೊಳ್ಳೋಣ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಪಾಲು ಹೋಗುವುದು ಈ ಬೆವರಿಗೇ. ಗಿಡದ ಮೈಯಲ್ಲಿ ಉಳಿಯುವುದು ತೀರ ಸ್ವಲ್ಪ.

ಈ ನೀರನ್ನು ಕೆಳಗಿನಿಂದ ಯಾರೂ ಮೇಲಕ್ಕೆ ತಳ್ಳಬೇಕಿಲ್ಲ. ಎಲೆಯ ಮೇಲಿರುವ ಸೂಕ್ಷ್ಮ ರಂಧ್ರಗಳಿಂದ, ಅಂದರೆ ಎಲೆಗಿಂಡಿಗಳಿಂದ, ನೀರು ಆವಿಯಾಗಿ ಹೊರಟಾಗ ಅದರ ಹಿಂದಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ಎಲೆಯಿಂದ ಬೇರಿನ ತುದಿಯವರೆಗೆ ಕಡಿಯದೆ ಸಾಗುತ್ತದೆ. 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜಾಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ. ಎಳೆತ ಎಷ್ಟು ಬಲವಾಗಿರುತ್ತದೆ ಎಂಬುದು ಬಿಸಿಲಿನ ಜೊತೆಗೆ ಗಾಳಿಯ ಒಣತನವನ್ನೂ ಅವಲಂಬಿಸಿದೆ. 40 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದು ಗಾಳಿಯ ತೇವ ಶೇಕಡಾ 20ಕ್ಕೆ ಇಳಿದಿರುವ ಕಲಬುರಗಿಯ ಮಧ್ಯಾಹ್ನವನ್ನೂ, 34 ಡಿಗ್ರಿಯಲ್ಲಿ ಶೇಕಡಾ 65 ತೇವವಿರುವ ಮಂಗಳೂರಿನ ಮಧ್ಯಾಹ್ನವನ್ನೂ ಲೆಕ್ಕ ಹಾಕಿ ಹೋಲಿಸಿದರೆ, ಕಲಬುರಗಿಯ ಗಾಳಿಯ ನೀರಿನ ದಾಹ ಮೂರು ಪಟ್ಟು ಹೆಚ್ಚು. ಕರಾವಳಿಯಲ್ಲಿ ನಾವು ಬೆವರಿ ಒದ್ದೆಯಾಗುವ ದಿನವೂ ಮಲ್ಲಿಗೆ ಗಿಡ ಆರಾಮಾಗಿರುವುದಕ್ಕೂ, ಬಯಲುಸೀಮೆಯ ತಾರಸಿಯಲ್ಲಿ ಅದೇ ಗಿಡ ಸೊರಗುವುದಕ್ಕೂ ಇದೊಂದು ಮುಖ್ಯ ಕಾರಣ.

ಸಂಪು, ಮೋಟರು, ಟ್ಯಾಂಕು

ಹಾಗಾದರೆ ಮಣ್ಣು ಒದ್ದೆಯಿದ್ದಾಗಲೂ ಎಲೆ ಬಾಡುವುದೇಕೆ? ನಮ್ಮ ಊರುಗಳ ಮನೆಯ ನೀರಿನ ವ್ಯವಸ್ಥೆಯನ್ನೇ ನೆನೆಸಿಕೊಳ್ಳಿ. ಕೆಳಗೆ ಸಂಪು, ಮೇಲೆ ಟ್ಯಾಂಕು, ನಡುವೆ ಮೋಟರು. ಹಬ್ಬದ ದಿನ ಮನೆ ತುಂಬ ನೆಂಟರಿದ್ದು ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದರೆ, ಸಂಪು ತುಂಬಿದ್ದು ಮೋಟರು ಓಡುತ್ತಿದ್ದರೂ ಟ್ಯಾಂಕಿನ ಮಟ್ಟ ಇಳಿಯುತ್ತದೆ. ನೆಂಟರು ಮಲಗಿದ ಮೇಲೆ ಅದೇ ಮೋಟರು ಟ್ಯಾಂಕನ್ನು ತುಂಬಿಸುತ್ತದೆ. ಕುಂಡದ ಮಣ್ಣು ಸಂಪು, ಬೇರು ಮೋಟರು, ಎಲೆ ಟ್ಯಾಂಕು, ಎಲೆಗಿಂಡಿಗಳು ನಲ್ಲಿಗಳು. ಮಧ್ಯಾಹ್ನದ ಬಾಡುವಿಕೆ ಎಂದರೆ ಖರ್ಚು ಪೂರೈಕೆಯನ್ನು ಮೀರಿದ ಹೊತ್ತು, ಅಷ್ಟೇ. ಗಿಡ ತನ್ನ ಗಿಂಡಿಗಳನ್ನು ಭಾಗಶಃ ಮುಚ್ಚಿ ಖರ್ಚು ತಗ್ಗಿಸುತ್ತದೆ, ಜೋತ ಎಲೆಗೆ ಬಿಸಿಲು ಓರೆಯಾಗಿ ತಾಗುವುದರಿಂದ ಕಾವೂ ಕಡಿಮೆಯಾಗುತ್ತದೆ. ಸೂರ್ಯ ಇಳಿದ ಮೇಲೆ ಬೇರು ಬಾಕಿ ತೀರಿಸುತ್ತದೆ. ಸಂಜೆ ಎಲೆ ನಿಮಿರಿದ್ದಕ್ಕೆ ಕಾರಣ ಇಳಿದ ಬಿಸಿಲು. ಮಧ್ಯಾಹ್ನದ ಚೊಂಬು ನೀರಿಗೆ ಅದರ ಶ್ರೇಯ ಸಲ್ಲದು. ಸಂಶಯವಿದ್ದವರು ಒಂದೇ ಅಳತೆಯ ಎರಡು ಗಿಡಗಳನ್ನು ಪಕ್ಕಪಕ್ಕ ಇಟ್ಟು, ಮಣ್ಣಿನಲ್ಲಿ ತೇವವಿದ್ದ ದಿನ ಒಂದಕ್ಕೆ ಮಾತ್ರ ಮಧ್ಯಾಹ್ನ ನೀರು ಹಾಕಿ ನೋಡಲಿ. ಎರಡೂ ಸಂಜೆಗೆ ಚೇತರಿಸಿಕೊಳ್ಳುತ್ತವೆ.

ಈ ಹೋಲಿಕೆಗೆ ಒಂದು ಮಿತಿಯುಂಟು. ಮೋಟರು ನೀರನ್ನು ತಳ್ಳುತ್ತದೆ, ಗಿಡದಲ್ಲಿ ಎಲೆಯೇ ನೀರನ್ನು ಎಳೆಯುತ್ತದೆ. ಆದರೆ ಮುಖ್ಯವಾದ ಒಂದು ವಿಷಯದಲ್ಲಿ ಬೇರು ಮತ್ತು ಮೋಟರಿನ ಪಾಡು ಒಂದೇ: ಎರಡಕ್ಕೂ ಶಕ್ತಿಯ ಪೂರೈಕೆ ತಪ್ಪಬಾರದು. ಕರೆಂಟು ಹೋದಾಗ ಸಂಪಿಗೆ ಎಷ್ಟು ಟ್ಯಾಂಕರ್ ನೀರು ತುಂಬಿಸಿದರೂ ಮೇಲಿನ ನಲ್ಲಿಯಲ್ಲಿ ಹನಿ ಬರುವುದಿಲ್ಲ. ಬೇರಿನ ಕರೆಂಟು ಎಂದರೆ ಆಮ್ಲಜನಕ.

ಬೇರಿನ ಉಸಿರು

ಎಲೆ ಬೆಳಕಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆ ಎಂದು ಶಾಲೆಯಲ್ಲಿ ಕಲಿತವರು, ಕತ್ತಲಲ್ಲಿ ಇರುವ ಬೇರಿಗೆ ಹಗಲೂ ರಾತ್ರಿ ಆಮ್ಲಜನಕ ಬೇಕು ಎಂಬುದನ್ನು ಮರೆಯುತ್ತಾರೆ. ಎಲೆಯಿಂದ ಬಂದ ಸಕ್ಕರೆಯನ್ನು ಆಮ್ಲಜನಕದೊಂದಿಗೆ ಉರಿಸಿ ಪಡೆದ ಶಕ್ತಿಯಿಂದಲೇ ಬೇರು ಬೆಳೆಯುತ್ತದೆ, ಲವಣಗಳನ್ನು ಒಳಗೆ ತರುತ್ತದೆ, ತನ್ನ ಕೋಶಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುತ್ತದೆ. ಆ ಆಮ್ಲಜನಕ ಬರುವುದು ಮಣ್ಣಿನ ಕಣಗಳ ನಡುವಿನ ಗಾಳಿಯಿಂದ. ಆ ಸಂದುಗಳಲ್ಲಿ ನೀರು ತುಂಬಿ ನಿಂತರೆ ದಾರಿ ಮುಚ್ಚಿತು, ಏಕೆಂದರೆ ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ನೀರಿನಲ್ಲಿ ಕರಗಿರುವ ಅಲ್ಪ ಆಮ್ಲಜನಕವನ್ನು ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತವೆ.

ಆಗ ಬೇರಿನಲ್ಲಿ ಏನಾಗುತ್ತದೆ ಎಂಬುದೇ ನಮ್ಮ ಒಗಟಿನ ತಿರುಳು. ಬೇರಿನ ಕೋಶಗಳ ಹೊರಪೊರೆಯಲ್ಲಿ ನೀರನ್ನು ದಾಟಿಸುವ ಅತಿಸೂಕ್ಷ್ಮ ಪ್ರೋಟೀನ್ ಬಾಗಿಲುಗಳಿವೆ. ವಿಜ್ಞಾನಿಗಳು ಆಕ್ವಾಪೊರಿನ್ ಎಂದು ಕರೆಯುವ ಇವನ್ನು ನಾವು ನೀರ್ಬಾಗಿಲು ಎನ್ನಬಹುದು. ಜೀವಕೋಶಗಳಲ್ಲಿ ಇಂಥ ಬಾಗಿಲುಗಳಿರುವುದನ್ನು ತೋರಿಸಿಕೊಟ್ಟ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಆಮ್ಲಜನಕ ಸಿಗದೆ ಹೋದಾಗ ಬೇರಿನ ಕೋಶದ ಒಳಗು ಹುಳಿಯಾಗುತ್ತದೆ, ಅಂದರೆ ಆಮ್ಲೀಯವಾಗುತ್ತದೆ. ಆ ಹುಳಿಗೆ ನೀರ್ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸಸ್ಯದ ಬೇರುಗಳಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ್ದೂ 2003ರಲ್ಲೇ. ಹೀಗೆ ಸುತ್ತಲೂ ನೀರಿದ್ದೂ ಬೇರು ಅದನ್ನು ಒಳಗೆ ತೆಗೆದುಕೊಳ್ಳಲಾರದು. ಮೇಲೆ ಎಲೆ ಬೆವರುತ್ತಲೇ ಇರುತ್ತದೆ. ಫಲಿತಾಂಶ, ಬಾಡಿದ ಎಲೆ. ಒಣಮಣ್ಣಿನ ಗಿಡವೂ ಉಸಿರುಗಟ್ಟಿದ ಗಿಡವೂ ಹೊರಗೆ ತೋರಿಸುವ ಚಿಹ್ನೆ ಒಂದೇ, ಬೇಕಾದ ಚಿಕಿತ್ಸೆ ಮಾತ್ರ ತದ್ವಿರುದ್ಧ.

ಬೇಸಿಗೆ ಈ ಕಷ್ಟವನ್ನು ಎರಡೂ ಕಡೆಯಿಂದ ಬಿಗಿಗೊಳಿಸುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲದು, 40 ಡಿಗ್ರಿಯಲ್ಲಿ ಆರೂವರೆಗಿಂತ ಹೆಚ್ಚಿಲ್ಲ. ಇತ್ತ ಬೇರಿನ ಉಸಿರಾಟದ ವೇಗ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಡಿಕೆ ಏರಿದಾಗಲೇ ಪೂರೈಕೆ ಇಳಿಯುತ್ತದೆ. ತಾರಸಿಯ ಕಾಂಕ್ರೀಟಿನ ಮೇಲೆ, ನೇರ ಬಿಸಿಲಿಗೆ ಮೈಯೊಡ್ಡಿದ ಕಪ್ಪು ಗ್ರೋ ಬ್ಯಾಗಿನ ಮಗ್ಗುಲಲ್ಲಿ ಮಣ್ಣು 40 ಡಿಗ್ರಿ ದಾಟುವುದು ಅಪರೂಪವೇನಲ್ಲ. ಇದರ ಮೇಲೆ ಅಕ್ಕಿ ತೊಳೆದ ನೀರು, ಟೀ ಚರಟ, ಹಿಟ್ಟಿನ ಪಾತ್ರೆ ಗಲಬರಿಸಿದ ನೀರು ಎಂದು ಅಡುಗೆಮನೆಯದ್ದೆಲ್ಲ ಕುಂಡಕ್ಕೇ ಬಂದರೆ, ಅವನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಅದೇ ಆಮ್ಲಜನಕಕ್ಕೆ ಕೈಚಾಚುತ್ತವೆ. ದುರ್ಬಲವಾದ ಬೇರಿಗೆ ಕೊನೆಯ ಪೆಟ್ಟು ಕೊಡುವುದು ಹೆಚ್ಚಾಗಿ ಪಿಥಿಯಂ, ಫೈಟಾಫ್ತೊರದಂಥ ರೋಗಾಣುಗಳು. ಅಡಿಕೆ ತೋಟದವರನ್ನು ಮಳೆಗಾಲದಲ್ಲಿ ಕಂಗೆಡಿಸುವ ಕೊಳೆರೋಗಕ್ಕೆ ಕಾರಣವಾಗುವುದೂ ಫೈಟಾಫ್ತೊರ ಕುಲದ ಜೀವಿಯೇ. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಿ ಹರಡುತ್ತವೆ, ನೀರು ತುಂಬಿನಿಂತ ಕುಂಡ ಅವಕ್ಕೆ ಹೇಳಿ ಮಾಡಿಸಿದ ಜಾಗ.

ತಳದಲ್ಲಿ ತಂಗುವ ನೀರು

ಕುಂಡದ ತಳದಲ್ಲಿ ತೂತಿದೆಯಲ್ಲ, ಹೆಚ್ಚಾದ ನೀರು ಹೊರಗೆ ಹೋಗುತ್ತದಲ್ಲ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಪಾತ್ರೆ ತೊಳೆಯುವ ಸ್ಪಂಜಿನಲ್ಲಿದೆ. ನೀರಿನಲ್ಲಿ ಅದ್ದಿದ ಸ್ಪಂಜನ್ನು ಅಂಗೈಯ ಮೇಲೆ ಮಟ್ಟಸವಾಗಿ ಹಿಡಿದು, ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಅದನ್ನು ಉದ್ದುದ್ದವಾಗಿ ನಿಲ್ಲಿಸಿ ಹಿಡಿಯಿರಿ. ಹಿಂಡದೆಯೇ ಇನ್ನಷ್ಟು ನೀರು ಸುರಿಯುತ್ತದೆ. ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಳಗೆ ಎಳೆಯುವ ಗುರುತ್ವಕ್ಕೆ ಆ ಹಿಡಿತವನ್ನು ಬಿಡಿಸಲು ಎತ್ತರ ಬೇಕು. ಕುಂಡದಲ್ಲೂ ಹೀಗೆಯೇ. ತೂತು ಎಷ್ಟೇ ದೊಡ್ಡದಿರಲಿ, ತಳದ ಒಂದಷ್ಟು ಮಣ್ಣು ನೀರು ಬಿಡದೆ ಸಂಪೂರ್ಣ ತೊಯ್ದೇ ಇರುತ್ತದೆ. ಇದನ್ನು ತಂಗುನೀರು ಎನ್ನೋಣ. ಅದರ ದಪ್ಪ ಮಣ್ಣಿನ ಗುಣವನ್ನು ಅವಲಂಬಿಸಿದೆಯೇ ಹೊರತು ಕುಂಡದ ಎತ್ತರವನ್ನಲ್ಲ. ಉದಾಹರಣೆಗೆ ತಂಗುನೀರಿನ ದಪ್ಪ 5 ಸೆಂಟಿಮೀಟರ್ ಇದ್ದರೆ, 10 ಸೆಂಟಿಮೀಟರ್ ಆಳದ ತಟ್ಟೆಕುಂಡದಲ್ಲಿ ಅರ್ಧದಷ್ಟು ಮಣ್ಣು ಉಸಿರುಗಟ್ಟಿದಂತೆ, 30 ಸೆಂಟಿಮೀಟರಿನ ಕುಂಡದಲ್ಲಿ ಆರರಲ್ಲಿ ಒಂದು ಪಾಲು ಮಾತ್ರ. ತಳಕ್ಕೆ ಜಲ್ಲಿ ಹಾಕುವ ರೂಢಿಯೂ ಇಲ್ಲಿ ನೆರವಾಗದು. ಮಣ್ಣಿನ ಸಣ್ಣ ಸಂದಿನಿಂದ ಜಲ್ಲಿಯ ದೊಡ್ಡ ಸಂದಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಹಾಗಾಗಿ ತಂಗುನೀರು ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ದಿನವೂ ಪೂಜೆಯ ಹೊತ್ತಿಗೆ ನೀರು ಬೀಳುವ ತುಳಸಿ ಬದುಕುತ್ತದಲ್ಲ ಎಂದು ಕೇಳಬಹುದು. ಅಂಗಳದ ತುಳಸಿಕಟ್ಟೆಯನ್ನು ಗಮನಿಸಿದರೆ ಉತ್ತರ ಅಲ್ಲೇ ಇದೆ. ಕಟ್ಟೆ ಎತ್ತರವಾಗಿದ್ದು ಒಳಗಿನ ಮಣ್ಣಿನ ಆಳ ಹೆಚ್ಚು, ತಳ ನೆಲಕ್ಕೆ ಸೇರಿಕೊಂಡಿದ್ದರೆ ನೀರಿಗೆ ಇಳಿದುಹೋಗಲು ಅಡ್ಡಿಯೇ ಇಲ್ಲ. ಹಾಕುವುದೂ ಒಂದು ಪುಟ್ಟ ತಂಬಿಗೆಯಷ್ಟು. ಅದೇ ತುಳಸಿಯನ್ನು ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕೆಳಗೆ ತಟ್ಟೆಯಿಟ್ಟ ಗಿಡ್ಡ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಅಷ್ಟೇ ನಿಷ್ಠೆಯಿಂದ ನೀರೆರೆದರೆ ಅದು ಸೊರಗುತ್ತದೆ. ಆಚರಣೆ ಬದಲಾಗಿಲ್ಲ, ಮಣ್ಣಿನ ಆಳ ಬದಲಾಗಿದೆ.

ಹಲವು ಕೈಗಳ ಲೆಕ್ಕ

ಈಗ ಮನೆಮಂದಿಯ ವಿಷಯಕ್ಕೆ ಬರೋಣ. ಎಂಟು ಲೀಟರ್ ಮಣ್ಣು ಹಿಡಿಯುವ ಕುಂಡದಲ್ಲಿ ಬೆಳೆದ ಬದನೆ ಗಿಡವೊಂದಿದೆ ಎಂದುಕೊಳ್ಳಿ. ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ಮುಂಜಾನೆ ಒಮ್ಮೆ ಒಂದೂವರೆ ಲೀಟರ್ ನೀರು ಬೀಳುತ್ತದೆ. ಹೆಚ್ಚಿನದು ತೂತಿನಿಂದ ಹರಿದುಹೋಗುತ್ತದೆ. ಆಮೇಲೆ ದಿನವಿಡೀ ಗಿಡ ನೀರೆಳೆದಂತೆಲ್ಲ ಖಾಲಿಯಾದ ಸಂದುಗಳಿಗೆ ಗಾಳಿ ನುಗ್ಗುತ್ತದೆ, ತಂಗುನೀರಿನ ಮಟ್ಟವೂ ಇಳಿಯುತ್ತದೆ. ಇನ್ನೊಂದು ಮನೆಯಲ್ಲಿ ಅಜ್ಜಿ ಬೆಳಿಗ್ಗೆ ಅರ್ಧ ಲೀಟರ್, ಬೇಸಿಗೆ ರಜೆಯಲ್ಲಿರುವ ಮೊಮ್ಮಗಳು ಮಧ್ಯಾಹ್ನ ಬಾಡಿದ ಎಲೆ ಕಂಡು ಅರ್ಧ ಲೀಟರ್, ಕೆಲಸದಿಂದ ಬಂದ ಅಪ್ಪ ಸಂಜೆ ಅರ್ಧ ಲೀಟರ್ ಹಾಕುತ್ತಾರೆ. ಒಟ್ಟು ನೀರು ಎರಡೂ ಮನೆಗಳಲ್ಲಿ ಒಂದೇ. ಆದರೆ ಎರಡನೆಯ ಮನೆಯ ಕುಂಡದಲ್ಲಿ ಗಾಳಿ ಒಳಸೇರಬೇಕಾದ ಬಿಡುವು ಮಾಯವಾಗಿದೆ. ಸಂದು ಖಾಲಿಯಾಗುವ ಮೊದಲೇ ಮತ್ತೆ ತುಂಬುತ್ತದೆ. ಬೇರಿನ ಮಟ್ಟಿಗೆ ನೀರಿನ ಪ್ರಮಾಣದಷ್ಟೇ, ಅನೇಕ ಸಲ ಅದಕ್ಕಿಂತ ಹೆಚ್ಚಾಗಿ, ಎರಡು ನೀರಿನ ನಡುವಿನ ಅಂತರ ಮುಖ್ಯ. ಕೈಗಳು ಹೆಚ್ಚಾದಷ್ಟೂ ಆ ಅಂತರ ಕಿರಿದಾಗುತ್ತದೆ. ಬೇರು ಸೋತು ಎಲೆ ಇನ್ನಷ್ಟು ಬಾಡಿದಾಗ, ಆ ಎಲೆಯನ್ನು ನೋಡಿ ಪ್ರತಿಯೊಬ್ಬರೂ ಮತ್ತಷ್ಟು ನೀರು ಹಾಕುತ್ತಾರೆ. ಗಿಡ ಸಾಯುವುದು ಯಾರ ಅಸಡ್ಡೆಯಿಂದಲೂ ಅಲ್ಲ. ಎಲ್ಲರೂ ಅಕ್ಕರೆಯಿಂದ ನೋಡಿದ್ದು ಒಂದೇ ತಪ್ಪು ಗುರುತನ್ನು.

ಭತ್ತ, ಮನಿ ಪ್ಲಾಂಟ್ ಮತ್ತು ಇತರ ಆಕ್ಷೇಪಗಳು

ನಿಂತ ನೀರಿನಲ್ಲೇ ಬೆಳೆಯುವ ಭತ್ತದ ಬೇರಿಗೆ ಉಸಿರು ಎಲ್ಲಿಂದ? ಭತ್ತದ ಕಾಂಡ ಮತ್ತು ಬೇರುಗಳ ಒಳಗೆ ಗಾಳಿ ಹರಿಯುವ ಉದ್ದನೆಯ ಪೊಳ್ಳುಗಳಿವೆ. ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಯುವುದು ಆ ದಾರಿಯಲ್ಲಿ. ಕೆಸುವಿಗೂ ತಾವರೆಗೂ ಇಂಥ ಏರ್ಪಾಡಿದೆ, ಟೊಮೆಟೊ ಮೆಣಸಿನ ಗಿಡಗಳಿಗೆ ಆ ಮಟ್ಟದಲ್ಲಿ ಇಲ್ಲ. ಬಾಟಲಿಯ ನೀರಿನಲ್ಲಿ ಬದುಕುವ ಮನಿ ಪ್ಲಾಂಟ್ ನೀರಿನಲ್ಲೇ ಬೇರುಬಿಟ್ಟು ಅದಕ್ಕೆ ಹೊಂದಿಕೊಂಡದ್ದು. ನೆರಳಿನಲ್ಲಿ ನಿಧಾನವಾಗಿ ಬೆಳೆಯುವ ಅದರ ಬೇಡಿಕೆಯೂ ಕಡಿಮೆ.

ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಬಿಸಿಲನ್ನು ಒಂದೆಡೆ ಸೇರಿಸಿ ಎಲೆ ಸುಡುತ್ತವೆ ಎಂಬ ಭಯವೂ ಇದೆ. ಹಂಗರಿಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ನುಣುಪಾದ ಎಲೆಗಳ ಮೇಲೆ ಕುಳಿತ ನೀರಿನ ಹನಿಗಳಿಂದ ಸುಟ್ಟಗಾಯ ಆಗಲಿಲ್ಲ. ಹಾಗಾಗಿ ಮಣ್ಣು ನಿಜಕ್ಕೂ ಒಣಗಿದ್ದರೆ ಮಧ್ಯಾಹ್ನವೇ ಬುಡಕ್ಕೆ ನೀರು ಹಾಕಲು ಹಿಂಜರಿಯಬೇಕಿಲ್ಲ. ಒಣಮಣ್ಣಿನ ಬಾಯಾರಿಕೆಯೂ ಗಿಡವನ್ನು ಕೊಲ್ಲುತ್ತದೆ, ಬೇಸಿಗೆಯಲ್ಲಿ ಪುಟ್ಟ ಕುಂಡಗಳಿಗೆ ದಿನಕ್ಕೆ ಎರಡು ಸಲ ನೀರು ಬೇಕಾಗುವುದೂ ಉಂಟು. ಕಡಿಮೆ ನೀರು ಹಾಕಿ ಎನ್ನುವುದು ಈ ವಾದದ ಅರ್ಥವಲ್ಲ. ಎಲೆಯ ಬದಲು ಮಣ್ಣನ್ನು ಕೇಳಿ ಎನ್ನುವುದೇ ಅರ್ಥ.

ಒದ್ದೆ ಮಣ್ಣಿನಲ್ಲಿ ಬಾಡುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಟೊಮೆಟೊ ಮತ್ತು ಬದನೆಗೆ ಬರುವ ದುಂಡಾಣು ಸೊರಗು ರೋಗ ನೀರಿನ ನಾಳಗಳನ್ನೇ ಕಟ್ಟಿಬಿಡುತ್ತದೆ. ಬುಡದ ಕಾಂಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿದರೆ, ರೋಗವಿದ್ದಲ್ಲಿ ಕೆಲವು ನಿಮಿಷಗಳಲ್ಲಿ ಹಾಲಿನ ಬಣ್ಣದ ಎಳೆ ಕೆಳಕ್ಕೆ ಇಳಿಯುವುದು ಕಾಣುತ್ತದೆ. ಅಂಥ ಗಿಡವನ್ನು ಮಣ್ಣುಸಹಿತ ತೆಗೆದುಹಾಕುವುದೇ ಉಳಿದ ಗಿಡಗಳಿಗೆ ಕ್ಷೇಮ.

ಮುಂಜಾನೆಯ ಪರೀಕ್ಷೆ

ರಾತ್ರಿಯಿಡೀ ಎಲೆಗಿಂಡಿಗಳು ಬಹುಪಾಲು ಮುಚ್ಚಿರುವುದರಿಂದ, ಆರೋಗ್ಯವಂತ ಬೇರು ಬೆಳಗಾಗುವಷ್ಟರಲ್ಲಿ ಹಿಂದಿನ ದಿನದ ಕೊರತೆಯನ್ನೆಲ್ಲ ತುಂಬಿಸಿರುತ್ತದೆ. ಆದ್ದರಿಂದ ಗಿಡದ ನಿಜವಾದ ಸ್ಥಿತಿ ತಿಳಿಯುವುದು ಬಿಸಿಲೇರುವ ಮೊದಲು. ಎಲೆ ನೋಡಿ, ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಕುಂಡವನ್ನು ಸ್ವಲ್ಪ ಎತ್ತಿ ಭಾರ ನೋಡಿ. ಎಲೆ ನೆಟ್ಟಗಿದ್ದರೆ ಮಧ್ಯಾಹ್ನದ ಬಾಡುವಿಕೆಗೆ ಬೇಕಿರುವುದು ನೆರಳು: ಹಸಿರು ನೆರಳುಬಲೆ, ಮಣ್ಣಿನ ಮೇಲೆ ಒಣಎಲೆಯ ಹೊದಿಕೆ, ಕಪ್ಪು ಚೀಲದ ಸುತ್ತ ಗೋಣಿತಾಟು. ಎಲೆ ಜೋತಿದ್ದು ಮಣ್ಣು ಒಣಗಿ ಕುಂಡ ಹಗುರಾಗಿದ್ದರೆ ಬಾಯಾರಿಕೆ. ತೂತಿನಿಂದ ಹೊರಬರುವಷ್ಟು ನೀರು ಒಂದೇ ಸಲ ಹಾಕಿ. ಎಲೆ ಜೋತಿದ್ದು ಮಣ್ಣು ಒದ್ದೆಯಾಗಿ ಕುಂಡ ಭಾರವಾಗಿದ್ದರೆ, ಸೊರಗು ರೋಗವಿಲ್ಲದಿದ್ದಲ್ಲಿ, ಬೇರಿನ ಉಸಿರು ಕಟ್ಟಿದೆ. ಆಗ ನೀರು ಹಾಕಲೇಬಾರದು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆಗಳಲ್ಲಿ, ಗಿಡಕ್ಕೆ ಬೇಡದ ಹೊತ್ತಿನಲ್ಲಿ ಸುರಿದ ನೀರು ಎರಡು ಬಾರಿ ನಷ್ಟ.

ಮನೆಯಲ್ಲಿ ಹಲವರಿದ್ದಾಗ ಈ ಪರೀಕ್ಷೆಯ ಹೊಣೆ ಒಬ್ಬರ ಮೇಲಿರಬೇಕು. ಗಿಡಗಳನ್ನು ಹಂಚಿಕೊಳ್ಳಬಹುದು, ವಾರಗಳನ್ನು ಹಂಚಿಕೊಳ್ಳಬಹುದು, ಆದರೆ ಒಂದು ಕುಂಡಕ್ಕೆ ಒಂದು ದಿನ ಒಬ್ಬರ ನಿರ್ಧಾರ ಮಾತ್ರ. ನೀರು ಹಾಕಿದವರು ಕುಂಡದ ಅಂಚಿಗೆ ಬಟ್ಟೆಯ ಕ್ಲಿಪ್ಪೊಂದನ್ನು ಸಿಕ್ಕಿಸಿದರೆ ಉಳಿದವರಿಗೆ ತಿಳಿಯುತ್ತದೆ. ಉಸಿರುಗಟ್ಟಿದ ಗಿಡವನ್ನು ಉಳಿಸಲು ತಟ್ಟೆ ತೆಗೆದು, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೇರಿಸಿ, ನೆರಳಿಗೆ ಸರಿಸಿ ಕಾಯಬೇಕು. ಬೇರು ಇನ್ನೂ ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಹೆಚ್ಚಾಗಿ ಚೇತರಿಸಿಕೊಳ್ಳುತ್ತದೆ, ಕಂದಾಗಿ ಜಿಗುಟಾಗಿ ಸಿಪ್ಪೆ ಕಳಚುತ್ತಿದ್ದರೆ ಕಾಲ ಮೀರಿದೆ. ಮಣ್ಣಿನ ಮೇಲ್ಪದರ ಒಣಗುವವರೆಗಿನ ಆ ಕೆಲವು ದಿನ ಎಲೆ ಬಾಡಿಯೇ ಇರುತ್ತದೆ. ಅದನ್ನು ನೋಡಿಯೂ ಮನೆಯಲ್ಲಿ ಯಾರೊಬ್ಬರೂ ಚೊಂಬು ಎತ್ತದಿರಬೇಕು. ಅಂಥ ಒಪ್ಪಂದ ಮೂಡುವುದು ಆಜ್ಞೆಯಿಂದಲ್ಲ, ಬೇರಿಗೂ ಉಸಿರು ಬೇಕು ಎಂಬುದನ್ನು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಅರಿತಾಗ.